ಬ್ರಾಡ್‌ಕಾಸ್ಟ್: ಹೊಲದಿಂದ ಬಾನುಲಿಗೆ ಹೋದ ಮಾತು

ಕೃಷಿ ಕಾಲೇಜಿನ ಬೇಸಾಯಶಾಸ್ತ್ರ ವಿಭಾಗದಲ್ಲಿ 'ಬ್ರಾಡ್‌ಕಾಸ್ಟ್' ಎಂಬ ಇಂಗ್ಲಿಷ್ ಮಾತು ಕೇಳಿಬಂದರೆ, ಬೀಜವನ್ನು ಕೈಯಿಂದ ಹೊಲದ ತುಂಬ ಚೆಲ್ಲುವುದು ಎಂದು ಅರ್ಥ. ಅದೇ ಕಾಲೇಜಿನ ವಿಸ್ತರಣಾ ವಿಭಾಗದಲ್ಲಿ ಅದೇ ಮಾತಿಗೆ ರೇಡಿಯೋ ಅಥವಾ ಟೆಲಿವಿಷನ್ ಮೂಲಕ ವಿಷಯ ಪ್ರಸಾರ ಮಾಡುವುದು ಎಂದು ಅರ್ಥ. ಒಂದೇ ಮಾತಿಗೆ ಇಷ್ಟು ದೂರದ ಎರಡು ಅರ್ಥಗಳು ಹೇಗೆ ಬಂದವು? ಇವುಗಳಲ್ಲಿ ಮೊದಲಿನದು ಯಾವುದು?

ರೇಡಿಯೋದ ಅರ್ಥವೇ ಮೊದಲಿನದು, ಬಿತ್ತನೆಗೆ ಅದನ್ನು ಆಮೇಲೆ ಎರವಲು ತಂದಿರಬೇಕು ಎಂದು ಹಲವರು ತಿಳಿದಿದ್ದಾರೆ. ನಿಜಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಈ ಮಾತು ಹುಟ್ಟಿದ್ದು ಹೊಲದಲ್ಲಿ. ರೇಡಿಯೋ ಬರುವುದಕ್ಕೆ ಸುಮಾರು ನೂರೈವತ್ತು ವರ್ಷ ಮೊದಲೇ ಇಂಗ್ಲೆಂಡಿನ ರೈತರು ಇದನ್ನು ಬಳಸುತ್ತಿದ್ದರು. ರೇಡಿಯೋದವರು ಅದನ್ನು ರೈತನ ಕೈಯಿಂದ ಪಡೆದುಕೊಂಡರು. ಈ ಮಾತಿನ ಹಿನ್ನೆಲೆಯನ್ನು ತಿಳಿದರೆ, ಪ್ರಸಾರವಾಗಿ ಬರುವ ಸಲಹೆಯನ್ನು ರೈತ ಯಾವ ರೀತಿ ಸ್ವೀಕರಿಸಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಮಾತಿನ ಎರಡು ಭಾಗಗಳು

'ಬ್ರಾಡ್' ಎಂದರೆ ಅಗಲವಾದ, ವಿಶಾಲವಾದ ಎಂದರ್ಥ. ಇದು ಇಂಗ್ಲಿಷಿನ ಬಹಳ ಹಳೆಯ ಮಾತುಗಳಲ್ಲಿ ಒಂದು. 'ಕಾಸ್ಟ್' ಎಂದರೆ ಎಸೆ, ಬೀಸು. ಇದು ಇಂಗ್ಲೆಂಡಿಗೆ ಬಂದು ನೆಲಸಿದ ಉತ್ತರ ದೇಶದ ಜನರ ನುಡಿಯಿಂದ, ಅಂದರೆ ಹಳೆಯ ನಾರ್ಸ್ ಭಾಷೆಯಿಂದ, ಇಂಗ್ಲಿಷಿಗೆ ಸೇರಿತು. ಬಲೆ ಬೀಸುವುದಕ್ಕೂ ಗಾಳ ಎಸೆಯುವುದಕ್ಕೂ ಇಂದಿಗೂ ಇದೇ ಮಾತನ್ನು ಬಳಸುತ್ತಾರೆ. ಎರಡೂ ಕೂಡಿದಾಗ 'ಅಗಲವಾಗಿ ಎಸೆದದ್ದು' ಎಂದಾಗುತ್ತದೆ. ಬೀಜದ ವಿಷಯದಲ್ಲಿ ಈ ಜೋಡಿ ಮಾತಿನ ಬರಹದ ಬಳಕೆ 1767ರಷ್ಟು ಹಿಂದೆಯೇ ದೊರೆಯುತ್ತದೆ. 1813ರ ಹೊತ್ತಿಗೆ ಅದು ಕ್ರಿಯಾಪದವಾಗಿಯೂ ಬಳಕೆಗೆ ಬಂದಿತ್ತು.

ಆ ಕಾಲದ ಬಿತ್ತನೆಯ ಕ್ರಮವನ್ನು ನಮ್ಮ ರೈತರು ಸುಲಭವಾಗಿ ಊಹಿಸಿಕೊಳ್ಳಬಹುದು. ಬಿತ್ತುವವನು ಬೀಜದ ಬುಟ್ಟಿಯನ್ನು ಕೊರಳಿಗೆ ತೂಗುಹಾಕಿಕೊಂಡು, ಒಂದೇ ಸಮನಾದ ಹೆಜ್ಜೆಯಲ್ಲಿ ನಡೆಯುತ್ತ, ಹೆಜ್ಜೆಯ ಲೆಕ್ಕಕ್ಕೆ ಸರಿಯಾಗಿ ಹಿಡಿ ಬೀಜ ತೆಗೆದು ಅರ್ಧ ಸುತ್ತಿನಲ್ಲಿ ಬೀಸಿ ಚೆಲ್ಲುತ್ತಿದ್ದ. ಹಿಂದಿನಿಂದ ಹಲುವೆ ಹೊಡೆದು ಬೀಜ ಮುಚ್ಚುತ್ತಿದ್ದರು. ನೋಡುವುದಕ್ಕೆ ಸುಲಭವಾದರೂ ಇದು ಪಳಗಿದ ಕೈಯ ಕೆಲಸ. ಹೆಜ್ಜೆ ತಪ್ಪಿದರೆ ಒಂದು ಕಡೆ ಪೈರು ಒತ್ತೊತ್ತಾಗಿ ಬಂದು, ಇನ್ನೊಂದು ಕಡೆ ನೆಲ ಬರಿದಾಗಿ ಉಳಿಯುತ್ತಿತ್ತು.

ಚೆಲ್ಲು ಬಿತ್ತನೆ ಮತ್ತು ಸಾಲು ಬಿತ್ತನೆ

ಬಿತ್ತನೆಗೆ ಒಂದೇ ಕ್ರಮವಿರುವ ತನಕ ಅದಕ್ಕೆ ಬೇರೆ ಹೆಸರು ಬೇಕಾಗುವುದಿಲ್ಲ. ಎರಡನೆಯ ಕ್ರಮ ಬಂದಾಗ ಇದು ಯಾವುದು, ಅದು ಯಾವುದು ಎಂದು ಹೇಳಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ ಜೆತ್ರೊ ಟಲ್ ಎಂಬುವನು 1701ರ ಸುಮಾರಿಗೆ ಸಾಲಾಗಿ ಬೀಜ ಬಿತ್ತುವ ಉಪಕರಣವನ್ನು ರೂಪಿಸಿದ. ಸಾಲಿನಲ್ಲಿ ಬಿತ್ತಿ ಸಾಲುಗಳ ನಡುವೆ ಕುದುರೆ ಕಟ್ಟಿ ಕುಂಟೆ ಹೊಡೆಯುವ ಬೇಸಾಯದ ಬಗ್ಗೆ ಅವನು ಬರೆದ ಪುಸ್ತಕ 1733ರಲ್ಲಿ ಹೊರಬಂದಿತು. ಆದರೆ ಅಲ್ಲಿನ ರೈತರು ಅದನ್ನು ಕೂಡಲೇ ಒಪ್ಪಲಿಲ್ಲ. ಚೆಲ್ಲುವುದು ಲೇಸೋ ಸಾಲು ಹಿಡಿಯುವುದು ಲೇಸೋ ಎಂಬ ವಾದ ಆ ಶತಮಾನದ ಉದ್ದಕ್ಕೂ ನಡೆಯಿತು. 'ಬ್ರಾಡ್‌ಕಾಸ್ಟ್' ಎಂಬ ಮಾತು ಬರಹಕ್ಕೆ ಬಂದದ್ದು ಈ ವಾದದ ಕಾಲದಲ್ಲಿಯೇ.

ಇಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಸಂಗತಿಯೊಂದಿದೆ. ಇಂಗ್ಲೆಂಡಿನಲ್ಲಿ ಹೊಸತೆನಿಸಿದ್ದ ಸಾಲು ಬಿತ್ತನೆ ದಕ್ಷಿಣ ಭಾರತದ ರೈತರಿಗೆ ಹೊಸತಾಗಿರಲಿಲ್ಲ. ನಮ್ಮ ಕೂರಿಗೆ ಅದೇ ಕೆಲಸವನ್ನು ಮಾಡುತ್ತಿತ್ತು. ಮೇಲಿನ ಬಟ್ಟಲಿಗೆ ಹಿಡಿಯಿಂದ ಬೀಜ ಬಿಟ್ಟರೆ ಅದು ಬಿದಿರಿನ ಕೊಳವೆಗಳಲ್ಲಿ ಹಂಚಿಕೊಂಡು ಇಳಿದು ಸಾಲುಗಳಲ್ಲಿ ಒಂದೇ ಆಳಕ್ಕೆ ಬೀಳುತ್ತದೆ. ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಇಂಗ್ಲಿಷ್ ಅಧಿಕಾರಿ ದಕ್ಷಿಣ ಭಾರತದ ಹೊಲವೊಂದರಲ್ಲಿ ಇಂಥ ಉಪಕರಣವನ್ನು ಕಂಡು ಬೆರಗಾದ. ಇದು ಯೂರೋಪಿನವರು ಈಚೆಗೆ ಕಂಡುಹಿಡಿದದ್ದು ಎಂದು ಅದುವರೆಗೆ ಅವನು ನಂಬಿದ್ದ. 1795ರಲ್ಲಿ ಅವನು ಇದರ ವಿವರಗಳನ್ನು ಬರೆದು ಲಂಡನ್ನಿನ ಕೃಷಿ ಮಂಡಳಿಗೆ ತಿಳಿಸಿದ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಸಹ ತನ್ನ ಪ್ರವಾಸದ ಪುಸ್ತಕದಲ್ಲಿ ಕೂರಿಗೆಯನ್ನು ವರ್ಣಿಸಿದ್ದಾನೆ.

ಹೊಲದಿಂದ ಮಾತಿಗೆ

ಬೀಜ ಚೆಲ್ಲುವ ಕೆಲಸಕ್ಕೂ ವಿಷಯ ಹರಡುವ ಕೆಲಸಕ್ಕೂ ಹೋಲಿಕೆ ಕಟ್ಟುವುದು ಬಹಳ ಹಳೆಯ ಅಭ್ಯಾಸ. ಬಿತ್ತುವವನೊಬ್ಬನ ದೃಷ್ಟಾಂತ ಬೈಬಲಿನಲ್ಲಿ ಬರುತ್ತದೆ. ಅವನು ಚೆಲ್ಲಿದ ಬೀಜದಲ್ಲಿ ಕೆಲವು ದಾರಿಯ ಮೇಲೆ ಬಿದ್ದು ಹಕ್ಕಿಗಳ ಪಾಲಾದವು, ಕೆಲವು ಕಲ್ಲುನೆಲದಲ್ಲಿ ಮೊಳೆತು ಒಣಗಿದವು, ಕೆಲವನ್ನು ಮುಳ್ಳುಗಿಡಗಳು ಅಡಗಿಸಿದವು, ಒಳ್ಳೆಯ ನೆಲಕ್ಕೆ ಬಿದ್ದವು ಮಾತ್ರ ಫಲ ಕೊಟ್ಟವು. ಅಲ್ಲಿ ಬೀಜವೆಂದರೆ ಉಪದೇಶ, ನೆಲವೆಂದರೆ ಕೇಳುವವರ ಮನಸ್ಸು. ಇಂಗ್ಲಿಷ್ ಓದುವ ಜನರಿಗೆ ಈ ಕಥೆ ಚಿರಪರಿಚಿತವಾಗಿತ್ತು. 'ಬ್ರಾಡ್‌ಕಾಸ್ಟ್' ಎಂಬ ಬೇಸಾಯದ ಮಾತೂ 1785ರ ಹೊತ್ತಿಗೆ ಬೀಜವಲ್ಲದ ಇತರ ವಿಷಯಗಳನ್ನು ಎಲ್ಲೆಡೆ ಹರಡುವುದಕ್ಕೆ ಬಳಕೆಯಾಗತೊಡಗಿತ್ತು.

ಇದೊಂದೇ ಅಲ್ಲ. ಸುದ್ದಿ ಮತ್ತು ಜ್ಞಾನಕ್ಕೆ ಸಂಬಂಧಿಸಿದ ಇನ್ನೂ ಕೆಲವು ಇಂಗ್ಲಿಷ್ ಮಾತುಗಳು ರೈತನ ಮನೆಯಿಂದಲೇ ಹೊರಟಿವೆ. ಮಾಹಿತಿ ಹರಡುವುದಕ್ಕೆ ಬಳಸುವ 'ಡಿಸೆಮಿನೇಟ್' ಎಂಬುದು ಬೀಜ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದಿದೆ. ವಿದ್ವಾಂಸರು ಕೂಡಿ ಚರ್ಚಿಸುವ 'ಸೆಮಿನಾರ್' ಸಹ ಅದೇ ಮೂಲದ್ದು. ಅದರ ಹಿಂದಿರುವ ಲ್ಯಾಟಿನ್ ಮಾತಿಗೆ ಸಸಿಮಡಿ ಎಂದು ಅರ್ಥ. 'ಪ್ರಾಪಗಾಂಡ' ಎಂಬ ಪ್ರಚಾರದ ಮಾತು ಗಿಡದ ಕಡ್ಡಿ ನೆಟ್ಟು ಸಂತತಿ ಹೆಚ್ಚಿಸುವ ತೋಟಗಾರನ ಕೆಲಸಕ್ಕೆ ಸಂಬಂಧಿಸಿದ್ದು. ಕಸಿ ಕಟ್ಟುವುದು, ಕಡ್ಡಿ ನೆಡುವುದು ಮುಂತಾದವುಗಳಿಗೆ ತೋಟಗಾರಿಕೆಯಲ್ಲಿ ಇಂದಿಗೂ 'ಪ್ರಾಪಗೇಷನ್' ಎಂದೇ ಹೇಳುತ್ತಾರೆ.

ದೋಷವೇ ಗುಣವಾದ ಬಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾರ್ಕೋನಿ ಮುಂತಾದವರು ತಂತಿಯಿಲ್ಲದೆ ಸಂದೇಶ ಕಳಿಸುವ ವಿಧಾನವನ್ನು ಬಳಕೆಗೆ ತಂದರು. ಅವರ ಉದ್ದೇಶ ತಂತಿ ಟಪಾಲಿನ ಕೆಲಸವನ್ನೇ ತಂತಿಯಿಲ್ಲದೆ ಮಾಡುವುದಾಗಿತ್ತು. ಅಂದರೆ ಇಲ್ಲಿಂದ ಒಬ್ಬ ಕಳಿಸಬೇಕು, ಅಲ್ಲಿ ಇನ್ನೊಬ್ಬ ಪಡೆಯಬೇಕು. ಆದರೆ ರೇಡಿಯೋ ಅಲೆ ಎಲ್ಲ ದಿಕ್ಕಿಗೂ ಹರಡುತ್ತಿತ್ತು. ತಕ್ಕ ಉಪಕರಣವಿದ್ದ ಯಾರು ಬೇಕಾದರೂ ಅದನ್ನು ಹಿಡಿಯಬಹುದಾಗಿತ್ತು. ಗುಟ್ಟು ಉಳಿಯುವುದಿಲ್ಲ ಎಂಬುದು ಆಗ ದೊಡ್ಡ ದೋಷವೆನಿಸಿತ್ತು.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಈ ದೋಷವೇ ಗುಣವಾಗಿ ಕಂಡಿತು. ಎಲ್ಲರಿಗೂ ಕೇಳಿಸುವುದಾದರೆ ಎಲ್ಲರಿಗಾಗಿಯೇ ಮಾತನಾಡಬಹುದಲ್ಲವೇ? 1920ರ ನವೆಂಬರ್ 2ರಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕೆಡಿಕೆಎ ಕೇಂದ್ರ ಅಧ್ಯಕ್ಷರ ಚುನಾವಣೆಯ ಫಲಿತಾಂಶಗಳನ್ನು ರೇಡಿಯೋ ಮೂಲಕ ಸಾರಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ಬೆಳೆಗಳ ಮಾರುಕಟ್ಟೆ ವರದಿಗಳನ್ನು ರೇಡಿಯೋ ಸಂಕೇತಗಳ ಮೂಲಕ ಕಳಿಸತೊಡಗಿತು. ರೇಡಿಯೋ ಎಳೆಯದಾಗಿದ್ದಾಗಲೇ ರೈತನ ಕೆಲಸಕ್ಕೆ ಬಂದಿತೆಂಬುದು ಗಮನಾರ್ಹ.

ಈ ಹೊಸ ಕೆಲಸಕ್ಕೆ ಹೆಸರು ಬೇಕಾಯಿತು. ಯಾರ ಮನೆಗೆ ಎಂದು ವಿಳಾಸ ಬರೆಯದೆ, ಯಾರು ಪಡೆದರೆಂದು ತಿಳಿಯದೆ, ಸುತ್ತಲೂ ಮಾತನ್ನು ಎಸೆಯುವ ಕೆಲಸ ಇದು. ಅದಕ್ಕೆ ಬುಟ್ಟಿ ಹೊತ್ತು ಬೀಜ ಚೆಲ್ಲುವವನ ಮಾತು ಚೆನ್ನಾಗಿ ಒಪ್ಪಿತು. 1921-22ರ ಹೊತ್ತಿಗೆ 'ಬ್ರಾಡ್‌ಕಾಸ್ಟ್' ಎಂಬುದು ರೇಡಿಯೋದ ಮಾತಾಗಿ ನೆಲೆಯೂರಿತು. 1922ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಬಿಬಿಸಿ ಸಂಸ್ಥೆ ಈ ಮಾತನ್ನು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡಿತು. ಕೆಲವೇ ವರ್ಷಗಳಲ್ಲಿ ಮಾತಿನ ಮೂಲವನ್ನು ಪಟ್ಟಣದ ಜನ ಮರೆತರು. ಕೃಷಿ ಪುಸ್ತಕಗಳಲ್ಲಿ ಮಾತ್ರ ಅದರ ಹಳೆಯ ಅರ್ಥ ಉಳಿದುಕೊಂಡಿತು. ರಸಗೊಬ್ಬರವನ್ನು ಗದ್ದೆಯಲ್ಲಿ ಎರಚುವುದಕ್ಕೂ ಅಲ್ಲಿ ಇದೇ ಮಾತು ಬಳಕೆಯಲ್ಲಿದೆ.

ಆಕಾಶವಾಣಿ, ಪ್ರಸಾರ, ಬಿತ್ತರ

ನಮ್ಮ ದೇಶದಲ್ಲಿ ಭಾರತೀಯ ಬ್ರಾಡ್‌ಕಾಸ್ಟಿಂಗ್ ಕಂಪನಿ 1927ರಲ್ಲಿ ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ಕೇಂದ್ರಗಳನ್ನು ತೆರೆಯಿತು. ಆ ಕಂಪನಿ ನಷ್ಟದಿಂದ ಮುಚ್ಚಿದ ಮೇಲೆ 1930ರಲ್ಲಿ ಸರ್ಕಾರ ಆ ಕೆಲಸವನ್ನು ವಹಿಸಿಕೊಂಡಿತು. 1936ರಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂದು ಹೆಸರಾಯಿತು.

ಇದರ ನಡುವೆ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ರೇಡಿಯೋ ಕೇಂದ್ರ ಆರಂಭಿಸಿದರು. ಅದಕ್ಕೆ 'ಆಕಾಶವಾಣಿ' ಎಂದು ಹೆಸರಾಯಿತು. 1950ರ ದಶಕದಲ್ಲಿ ಇಡೀ ದೇಶದ ರೇಡಿಯೋಗೆ ಆ ಹೆಸರು ಬಂದಿತು. 2023ರಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬ ಇಂಗ್ಲಿಷ್ ಹೆಸರನ್ನು ಕೈಬಿಟ್ಟು, ಎಲ್ಲ ಕಡೆಯೂ ಆಕಾಶವಾಣಿ ಎಂದೇ ಹೇಳಬೇಕೆಂದು ಪ್ರಸಾರ ಭಾರತಿ ನಿರ್ಧರಿಸಿತು. ಒಂದು ಮಾತು ಇಂಗ್ಲೆಂಡಿನ ನೆಲದಿಂದ ಬಾನಿಗೆ ಏರಿದರೆ, ನಮ್ಮ ಮಾತು ಬಾನಿನಿಂದಲೇ ಇಳಿದು ಬಂದಿತು. ಆಕಾಶವಾಣಿಯೆಂದರೆ ಪುರಾಣದಲ್ಲಿ ಎಲ್ಲಿಂದ ಬಂದಿತೆಂದು ಕಾಣದೆ ಕೇಳಿಸುವ, ಎದುರು ಪ್ರಶ್ನೆ ಹಾಕಲಾಗದ ಮಾತು ಎಂಬುದನ್ನೂ ಇಲ್ಲಿ ನೆನೆಯಬೇಕು.

ಕನ್ನಡದಲ್ಲಿ 'ಬ್ರಾಡ್‌ಕಾಸ್ಟ್' ಎಂಬುದಕ್ಕೆ 'ಪ್ರಸಾರ' ಎನ್ನುತ್ತೇವೆ. ಮುಂದಕ್ಕೆ ಹರಿಯುವುದು, ಹರಡುವುದು ಎಂದು ಅದರ ಅರ್ಥ. 'ಬಿತ್ತರ', 'ಬಿತ್ತರಿಸು' ಎಂಬ ಮಾತುಗಳೂ ಇವೆ. ಬಿತ್ತರ ಎಂದೊಡನೆ ಬಿತ್ತನೆಯ ನೆನಪಾಗುವುದು ಸಹಜ. ಆದರೆ ಇವೆರಡೂ ಬೇರೆ ಬೇರೆ. 'ಬಿತ್ತು' ಎಂಬುದು ತಮಿಳು, ತೆಲುಗುಗಳ 'ವಿತ್ತು' ಎಂಬುದರ ಜೊತೆಗಿರುವ ಅಚ್ಚ ದ್ರಾವಿಡ ಮಾತು. 'ಬಿತ್ತರ' ಎಂಬುದು ಸಂಸ್ಕೃತದ 'ವಿಸ್ತಾರ'ದ ತದ್ಭವ. ಅಂದರೆ ಇಂಗ್ಲಿಷಿನ 'ಬ್ರಾಡ್' ಎಂಬುದರ ಅರ್ಥವೇ ಇದಕ್ಕಿದೆ. ಇನ್ನೊಂದು ಸ್ವಾರಸ್ಯವೂ ಇದೆ. ವಿಸ್ತಾರ ಎಂಬುದರ ಮೂಲ 'ಸ್ತೃ' ಎಂಬ ಧಾತು. ಅದಕ್ಕೆ ಹರಡು, ಚೆಲ್ಲು ಎಂದು ಅರ್ಥ. ಚೆಲ್ಲು ಎಂಬ ಅರ್ಥದ ಇಂಗ್ಲಿಷಿನ 'ಸ್ಟ್ರೂ' ಎಂಬ ಮಾತೂ ಇದರ ಬಂಧುವೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಕೃಷಿ ವಿಸ್ತರಣೆ ಎಂದು ಹೇಳುವಾಗಲೂ ಈ ಚೆಲ್ಲುವ ಕೈಯ ನೆನಪು ಅದರೊಳಗೆ ಅಡಗಿದೆ.

ಚೆಲ್ಲಿದ್ದರಲ್ಲಿ ಎಷ್ಟು ಹುಟ್ಟುತ್ತದೆ?

ಚೆಲ್ಲಿದ ಬೀಜವೆಲ್ಲ ಪೈರಾಗುವುದಿಲ್ಲ ಎಂಬುದು ರೈತನಿಗೆ ಗೊತ್ತು. ರಾಗಿಯ ಲೆಕ್ಕವನ್ನೇ ನೋಡಬಹುದು. ರಾಗಿಯ ಸಾವಿರ ಕಾಳು ಸುಮಾರು 3 ಗ್ರಾಂ ತೂಗುತ್ತದೆ. ಆ ಲೆಕ್ಕದಲ್ಲಿ ಒಂದು ಕಿಲೋ ಬೀಜದಲ್ಲಿ 3 ಲಕ್ಷಕ್ಕೂ ಹೆಚ್ಚು ಕಾಳುಗಳಿವೆ. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರವಿದ್ದರೆ ಒಂದು ಎಕರೆಗೆ ಬೇಕಾಗುವ ಗಿಡಗಳು ಸುಮಾರು 1 ಲಕ್ಷ 35 ಸಾವಿರ. ಎಂದರೆ ಅರ್ಧ ಕಿಲೋ ಬೀಜದ ಕಾಳುಗಳೇ ಎಕರೆಗೆ ಸಾಕು. ಆದರೂ ಕೂರಿಗೆಯಲ್ಲಿ ಬಿತ್ತುವಾಗ ಕಿಲೋಗಟ್ಟಲೆ ಬೀಜ ಬಳಸುತ್ತೇವೆ, ಕೈಯಿಂದ ಚೆಲ್ಲಿದರೆ ಇನ್ನೂ ಹೆಚ್ಚು ಬೇಕು. ಮೇಲೆಯೇ ಉಳಿದದ್ದು ಹಕ್ಕಿ, ಇರುವೆಗಳ ಪಾಲಾಗುತ್ತದೆ. ಆಳಕ್ಕೆ ಬಿದ್ದದ್ದು ಮೇಲೆ ಬರಲಾರದು. ಹೆಂಟೆಯ ಮೇಲೆ ಬಿದ್ದದ್ದು ಒಣಗುತ್ತದೆ. ಒತ್ತಾಗಿ ಹುಟ್ಟಿದ್ದನ್ನು ಕಿತ್ತು ತೆಳುವು ಮಾಡಬೇಕಾಗುತ್ತದೆ.

ಆದರೆ ಚೆಲ್ಲು ಬಿತ್ತನೆ ಎಲ್ಲಿಯೂ ಬೇಡವೆಂದಲ್ಲ. ಮಳೆ ಬಂದು ಹದ ಆರುವ ಮೊದಲು ಬೇಗ ಬಿತ್ತಬೇಕಾದಾಗ, ಹುರುಳಿ ಮತ್ತು ಹಸಿರೆಲೆ ಗೊಬ್ಬರದ ಸೆಣಬಿನಂಥ ಬೆಳೆಗಳಿಗೆ, ಕೆಸರು ಮಾಡಿದ ಗದ್ದೆಯಲ್ಲಿ ಮೊಳಕೆ ಭತ್ತ ಹಾಕುವಾಗ, ಸಸಿಮಡಿಗಳಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ. ಚೆಲ್ಲುವಾಗ ಅನುಭವಿ ರೈತರು ಕೆಲವು ಕ್ರಮಗಳನ್ನು ಅನುಸರಿಸುತ್ತಾರೆ. ಸಣ್ಣ ಬೀಜವನ್ನು ಒಣ ಮರಳು ಅಥವಾ ಜರಡಿ ಹಿಡಿದ ಗೊಬ್ಬರದೊಡನೆ ಬೆರೆಸುತ್ತಾರೆ. ಹೊಲವನ್ನು ಪಟ್ಟಿಗಳಾಗಿ ಗುರುತಿಸಿ ಪಟ್ಟಿಗಿಷ್ಟು ಎಂದು ಬೀಜ ಅಳೆದಿಡುತ್ತಾರೆ. ಅರ್ಧ ಬೀಜವನ್ನು ಉದ್ದಕ್ಕೂ ಉಳಿದರ್ಧವನ್ನು ಅಡ್ಡಕ್ಕೂ ಚೆಲ್ಲುತ್ತಾರೆ. ಗಾಳಿ ಬೀಸದ ಹೊತ್ತು ನೋಡುತ್ತಾರೆ. ಚೆಲ್ಲಿದೊಡನೆ ಕುಂಟೆ ಅಥವಾ ಹಲುವೆ ಹೊಡೆದು ಮುಚ್ಚುತ್ತಾರೆ. ಹದ ನೋಡಿ ಹರಗು, ಬೆದೆ ನೋಡಿ ಬಿತ್ತು ಎಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಮಾತಿನ ಬಿತ್ತನೆಗೂ ಇದೇ ನಿಯಮ. ರೇಡಿಯೋದಿಂದ ಹೊರಟ ಸಲಹೆ ಒಂದೇ ಸಲಕ್ಕೆ ಸಾವಿರಾರು ಹಳ್ಳಿಗಳಲ್ಲಿ ಬೀಳುತ್ತದೆ. ಕೆಂಪು ನೆಲದವನಿಗೂ ಕಪ್ಪು ನೆಲದವನಿಗೂ, ಕಾಲುವೆಯ ನೀರಿರುವವನಿಗೂ ಮಳೆಯನ್ನೇ ನಂಬಿದವನಿಗೂ ಅದೇ ಮಾತು ತಲುಪುತ್ತದೆ. ಎಲ್ಲಿ ಬಿದ್ದಿತು, ಯಾರು ತಪ್ಪಾಗಿ ತಿಳಿದರು ಎಂಬುದು ಹೇಳಿದವರಿಗೆ ಕಾಣುವುದಿಲ್ಲ. ಆದ್ದರಿಂದ ಬಿದ್ದ ಮಾತನ್ನು ಮಣ್ಣು ಮುಚ್ಚಿ ಮೊಳೆಸುವ ಕೆಲಸ ಬೇರೆಯಾಗಿಯೇ ನಡೆಯಬೇಕು.

ಬಿತ್ತಿದ ಮಾತಿಗೆ ಹಲುವೆ ಹೊಡೆದವರು

ಇದನ್ನು ಚೆನ್ನಾಗಿ ಅರಿತವರು ಕೆನಡಾ ದೇಶದ ರೈತರು. ಅಲ್ಲಿ 1941ರಿಂದ 1965ರವರೆಗೆ ರೈತರ ರೇಡಿಯೋ ವೇದಿಕೆ ಎಂಬ ಕಾರ್ಯಕ್ರಮ ನಡೆಯಿತು. ನೆರೆಹೊರೆಯ ರೈತ ಕುಟುಂಬಗಳು ಒಂದು ಮನೆಯಲ್ಲಿ ಕೂಡುತ್ತಿದ್ದವು. ಮೊದಲೇ ಅಂಚೆಯಲ್ಲಿ ಬಂದಿದ್ದ ಕಿರುಹೊತ್ತಗೆಯನ್ನು ಓದಿಕೊಂಡು, ಪ್ರಸಾರ ಕೇಳಿ, ಆಮೇಲೆ ತಮ್ಮೊಳಗೆ ಚರ್ಚಿಸುತ್ತಿದ್ದವು. ಚರ್ಚೆಯ ಸಾರವನ್ನು ಬರೆದು ಕೇಂದ್ರಕ್ಕೆ ಕಳಿಸುತ್ತಿದ್ದವು. ಓದು, ಕೇಳು, ಚರ್ಚಿಸು, ಕಾರ್ಯಕ್ಕಿಳಿ ಎಂಬುದು ಆ ವೇದಿಕೆಯ ಸೂತ್ರವಾಗಿತ್ತು.

ಈ ಮಾದರಿಯನ್ನು ಯುನೆಸ್ಕೋ ನೆರವಿನಿಂದ 1956ರಲ್ಲಿ ಪುಣೆಯ ಸುತ್ತಿನ ಹಳ್ಳಿಗಳಲ್ಲಿ ಪರೀಕ್ಷಿಸಲಾಯಿತು. ಆಗಿನ ಮುಂಬಯಿ ರಾಜ್ಯದ ಐದು ಜಿಲ್ಲೆಗಳ ಹಳ್ಳಿಗಳಲ್ಲಿ ಕೇಳುಗರ ಗುಂಪುಗಳನ್ನು ಕಟ್ಟಿ, ಪುಣೆ ಕೇಂದ್ರದಿಂದ 20 ಕಾರ್ಯಕ್ರಮಗಳನ್ನು ಪ್ರಸಾರ ಮಾಡಿದರು. ಪಾಲ್ ನ್ಯೂರಾತ್ ಎಂಬ ಸಮಾಜಶಾಸ್ತ್ರಜ್ಞರು ಇದರ ಫಲವನ್ನು ಅಳೆದು ನೋಡಿದರು. ಗುಂಪಾಗಿ ಕೇಳಿ ಚರ್ಚಿಸಿದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಬಹಳ ಹೆಚ್ಚಿತ್ತು. ರೇಡಿಯೋ ಇದ್ದೂ ಇಂಥ ಗುಂಪಿಲ್ಲದ ಹಳ್ಳಿಗಳಲ್ಲಿ ಅಷ್ಟು ಫಲ ಕಾಣಲಿಲ್ಲ. ಬೀಜ ಒಂದೇ, ಚೆಲ್ಲಿದ ಕೈಯೂ ಒಂದೇ. ವ್ಯತ್ಯಾಸವಾದದ್ದು ಅದನ್ನು ಮುಚ್ಚಿದ ಬಗೆಯಲ್ಲಿ. 1959ರಲ್ಲಿ ಈ ಗ್ರಾಮೀಣ ವೇದಿಕೆಗಳನ್ನು ದೇಶದ ಇತರ ಭಾಗಗಳಿಗೂ ಹಬ್ಬಿಸಲಾಯಿತು. 1966ರಲ್ಲಿ ಆಕಾಶವಾಣಿಯ ಕೇಂದ್ರಗಳಲ್ಲಿ ಬೇಸಾಯ ಮತ್ತು ಗೃಹ ವಿಭಾಗಗಳು ಆರಂಭವಾದವು.

ಆ ದಶಕದಲ್ಲಿಯೇ ತಮಿಳುನಾಡಿನ ತಂಜಾವೂರು ಸೀಮೆಯಲ್ಲಿ ಒಂದು ವಿಶೇಷ ನಡೆಯಿತು. ಆಡುದುರೈ ಸಂಶೋಧನಾ ಕೇಂದ್ರದಿಂದ ಬಂದ ಎಡಿಟಿ-27 ಎಂಬ ಭತ್ತದ ತಳಿಯ ಬಗ್ಗೆ ತಿರುಚಿರಾಪಳ್ಳಿ ಆಕಾಶವಾಣಿಯಲ್ಲಿ ಪದೇ ಪದೇ ತಿಳಿಸಲಾಯಿತು. ರೈತರು ಅದನ್ನು ಕೇಳಿ ಬೆಳೆದರು. ತಳಿಯ ಸಂಖ್ಯೆ ನೆನಪಿಡುವ ಗೋಜಿಗೆ ಹೋಗದೆ ಅದನ್ನು 'ರೇಡಿಯೋ ಭತ್ತ' ಎಂದೇ ಕರೆದರು. ಬೀಜದಿಂದ ಹುಟ್ಟಿ ರೇಡಿಯೋಗೆ ಹೋಗಿದ್ದ ಮಾತು, ಹೀಗೆ ರೇಡಿಯೋದ ಮೂಲಕ ಮತ್ತೆ ಬೀಜವಾಗಿ ಹೊಲಕ್ಕೆ ಬಂದಿತು.

ಸಾಲು ಹಿಡಿದ ಮಾತು

ಬೇಸಾಯದಲ್ಲಿ ಚೆಲ್ಲುವುದರ ಪಕ್ಕದಲ್ಲಿ ಸಾಲು ಬಿತ್ತನೆ ಇರುವ ಹಾಗೆ, ಸಂಪರ್ಕದಲ್ಲಿಯೂ ಅಂಥ ಕ್ರಮಗಳು ಬಂದಿವೆ. ಕೆಲವೇ ಜನರಿಗೆ, ಅವರಿಗೆ ಬೇಕಾದುದನ್ನಷ್ಟೇ ತಲುಪಿಸುವುದಕ್ಕೆ ಇಂಗ್ಲಿಷಿನಲ್ಲಿ 'ನ್ಯಾರೋಕಾಸ್ಟ್' ಎಂಬ ಮಾತು ಹುಟ್ಟಿದೆ. ಅಗಲ ಎಂಬುದರ ಜಾಗದಲ್ಲಿ ಕಿರಿದು ಎಂಬ ಮಾತು ಸೇರಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ದ ದಶಕದ ಆರಂಭದಲ್ಲಿ 'ನಮ್ಮ ಧ್ವನಿ' ಎಂಬ ಕೇಂದ್ರ ಕೇಬಲ್ ಮೂಲಕ ಆ ಊರಿನವರದೇ ಕಾರ್ಯಕ್ರಮಗಳನ್ನು ಮನೆಮನೆಗೆ ತಲುಪಿಸಿತು. ಸಮುದಾಯ ಬಾನುಲಿಯ ನಿಯಮಗಳು 2006ರಲ್ಲಿ ಸಡಿಲವಾದುವು. 2007ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ತನ್ನದೇ ಕೃಷಿ ಸಮುದಾಯ ಬಾನುಲಿ ಕೇಂದ್ರ ತೆರೆಯಿತು. ಇಂಥ ಕೇಂದ್ರದ ಮಾತು ಕೆಲವೇ ಮೈಲಿ ಹೋಗುತ್ತದೆ. ಆದರೆ ಆ ಮೈಲಿಗಳ ಮಣ್ಣು, ಮಳೆ, ಬೆಳೆ ಹೇಳುವವರಿಗೂ ಕೇಳುವವರಿಗೂ ಗೊತ್ತಿರುತ್ತವೆ. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರ್ ಇನ್ನೂ ಕಿರಿದಾದ ಸಾಲು. ಅಲ್ಲಿ ಒಬ್ಬ ರೈತನ ಒಂದು ಪ್ರಶ್ನೆಗೆ ಅವನ ಭಾಷೆಯಲ್ಲಿಯೇ ಉತ್ತರ ಸಿಗುತ್ತದೆ.

ಇನ್ನೊಂದು ಕಡೆ, ಹಿಂದೆಂದೂ ಇಲ್ಲದಷ್ಟು ಚೆಲ್ಲುವಿಕೆಯೂ ನಡೆದಿದೆ. ಈಗ ಚೆಲ್ಲುವ ಬುಟ್ಟಿ ಪ್ರತಿಯೊಬ್ಬರ ಜೇಬಿನಲ್ಲಿದೆ. ಮೊಬೈಲ್ ಫೋನಿನಲ್ಲಿ ಒಂದೇ ಸಂದೇಶವನ್ನು ಹಲವರಿಗೆ ಕಳಿಸುವ ಸೌಲಭ್ಯಕ್ಕೂ 'ಬ್ರಾಡ್‌ಕಾಸ್ಟ್' ಎಂದೇ ಹೆಸರು. ಒಂದು ಔಷಧಿಯ ಚಿತ್ರ, ಒಂದು ತಳಿಯ ಹೊಗಳಿಕೆ, ಬೆಲೆ ಏರುತ್ತದೆ ಎಂಬ ಒಂದು ಸುದ್ದಿ, ಯಾರು ಹೇಳಿದ್ದು ಯಾವ ವರ್ಷದ್ದು ಎಂಬುದಿಲ್ಲದೆ ಊರಿಂದೂರಿಗೆ ಹೋಗುತ್ತದೆ. ಬೀಜದ ಚೀಲದ ಮೇಲೆ ತಳಿಯ ಹೆಸರು, ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನಾಂಕ ಇರುವ ಚೀಟಿ ನೋಡದೆ ಬುದ್ಧಿವಂತ ರೈತ ಬಿತ್ತುವುದಿಲ್ಲ. ಮಾತಿನ ಚೀಲಕ್ಕೆ ಮಾತ್ರ ಚೀಟಿ ಕೇಳುವ ಅಭ್ಯಾಸ ಇನ್ನೂ ಬೆಳೆದಿಲ್ಲ. ಚೆಲ್ಲುವ ಕೈಗೆ ಬೆಳೆ ಬೀಜವೂ ಒಂದೇ, ಕಳೆ ಬೀಜವೂ ಒಂದೇ. ಎರಡೂ ಅಷ್ಟೇ ದೂರ ಹೋಗಿ ಬೀಳುತ್ತವೆ. ತಪ್ಪು ಸಲಹೆಯನ್ನು ನಂಬಿದವನು ಕಳೆದುಕೊಳ್ಳುವುದು ಔಷಧಿಯ ಹಣವೊಂದನ್ನೇ ಅಲ್ಲ, ಒಂದು ಹಂಗಾಮನ್ನೇ. ಹಣವನ್ನು ಸಾಲ ತಂದಾದರೂ ತುಂಬಿಕೊಳ್ಳಬಹುದು, ಹೋದ ಹದ ಮತ್ತೆ ಬರುವುದಿಲ್ಲ.

ರೈತರು ಗಮನಿಸಬೇಕಾದ ಅಂಶಗಳು

1. ಪ್ರಸಾರವಾದ ಸಲಹೆ ಯಾವ ಪ್ರದೇಶಕ್ಕೆ, ಯಾವ ಮಣ್ಣಿಗೆ, ಯಾವ ಹಂಗಾಮಿಗೆ ಎಂಬುದನ್ನು ಮೊದಲು ಗುರುತಿಸಬೇಕು. ಇವು ಮೂರೂ ತಿಳಿಯದಿದ್ದರೆ ಅದನ್ನು ಅನುಸರಿಸಲು ಅವಸರ ಮಾಡಬಾರದು.

2. ಸಲಹೆ ಕೊಟ್ಟವರು ಯಾರು, ಯಾವಾಗ ಕೊಟ್ಟದ್ದು ಎಂಬುದನ್ನು ನೋಡಬೇಕು. ಹೆಸರು ಮತ್ತು ದಿನಾಂಕವಿಲ್ಲದ ಸಂದೇಶ ಚೀಟಿಯಿಲ್ಲದ ಬೀಜದ ಚೀಲವಿದ್ದಂತೆ. ಅದನ್ನು ಇತರರಿಗೆ ಕಳಿಸುವುದೂ ಸರಿಯಲ್ಲ.

3. ಔಷಧಿಯ ಹೆಸರು, ಪ್ರಮಾಣ, ಸಿಂಪಡಿಸುವ ಸಮಯ ಇವನ್ನು ಕೇಳಿದಾಗಲೇ ಬರೆದಿಟ್ಟುಕೊಳ್ಳಬೇಕು. ನೆನಪಿನಲ್ಲಿ ಉಳಿದ ಅಂಕಿ ಬಾಯಿಂದ ಬಾಯಿಗೆ ಬದಲಾಗುತ್ತದೆ.

4. ಒಬ್ಬರೇ ಕೇಳುವುದಕ್ಕಿಂತ ನಾಲ್ಕು ಜನ ಕೂಡಿ ಕೇಳಿ ಚರ್ಚಿಸುವುದು ಮೇಲು. ಒಬ್ಬರಿಗೆ ತಿಳಿಯದ ಭಾಗ ಇನ್ನೊಬ್ಬರಿಗೆ ತಿಳಿದಿರುತ್ತದೆ.

5. ಸಂಶಯವಿದ್ದರೆ ಹತ್ತಿರದ ರೈತ ಸಂಪರ್ಕ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಅಥವಾ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಯಲ್ಲಿ ಕೇಳಿ ತಿಳಿಯಬೇಕು.

6. ಹೊಸ ತಳಿ ಅಥವಾ ಹೊಸ ಕ್ರಮವನ್ನು ಮೊದಲ ವರ್ಷ ಹೊಲದ ಒಂದು ಮೂಲೆಯಲ್ಲಿ ಮಾತ್ರ ಮಾಡಿ ನೋಡಬೇಕು.

7. ಫಲ ಬಂದರೂ ಬಾರದಿದ್ದರೂ ಅದನ್ನು ಸಲಹೆ ಕೊಟ್ಟವರಿಗೆ ತಿಳಿಸಬೇಕು. ಚೆಲ್ಲಿದವನಿಗೆ ಹೊಲದ ಸ್ಥಿತಿ ತಿಳಿಯದಿದ್ದರೆ ಮುಂದಿನ ವರ್ಷವೂ ಅವನ ಕೈ ಹಾಗೆಯೇ ಬೀಸುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೂ ಈ ಮಾತಿನಲ್ಲಿ ಪಾಠವಿದೆ. ಕಾರ್ಯಕ್ರಮ ಪ್ರಸಾರವಾದೊಡನೆ ಕೆಲಸ ಮುಗಿಯಲಿಲ್ಲ. ಬೀಜ ಕೈಬಿಟ್ಟು ನೆಲಕ್ಕೆ ಬಿದ್ದಿದೆ, ಅಷ್ಟೇ. ಹೊಲಕ್ಕೆ ಹೋಗಿ ಅದು ಎಲ್ಲಿ ಮೊಳೆಯಿತು, ಎಲ್ಲಿ ಮೊಳೆಯಲಿಲ್ಲ ಎಂದು ನೋಡಿ, ಬರಿದಾದ ಕಡೆ ಮತ್ತೆ ಬೀಜ ಹಾಕುವುದು ಬಿತ್ತನೆಯ ಉಳಿದ ಭಾಗ. ರೈತನಿಂದ ಮಾತನ್ನು ಎರವಲು ಪಡೆದವರು ಅವನ ಈ ಎಚ್ಚರವನ್ನೂ ಕಲಿತರೆ, ಚೆಲ್ಲಿದ ಮಾತು ಹೆಚ್ಚು ಹೊಲಗಳಲ್ಲಿ ಬೆಳೆಯಾಗಿ ನಿಲ್ಲುವುದರಲ್ಲಿ ಸಂದೇಹವಿಲ್ಲ.